ರೈಟ್ ಫೀಲ್ಡ್ ವಿರುದ್ಧ ಅಭಿಮಾನಿ ಮಂಡಳಿ

ಪುಚೊಂಗ್,
ಸೋಮವಾರ, 18 ಆಗಸ್ಟ್ 2025

ಶ್ರೀಮತಿ ಲೊರೆಟ್ಟಾ ಅವರಿಗೆ,
ನಾಯಕಿ, ಪುಚೊಂಗ್ ಗಂಡಭೇರುಂಡ ಸಾಫ್ಟ್‌ಬಾಲ್ ತಂಡ

ಮಾನ್ಯರೇ,

ನಿನ್ನೆ ನಮ್ಮ ತಂಡ ಸತತ ನಾಲ್ಕನೆಯ ಪಂದ್ಯವನ್ನು ಸೋತ ಅರ್ಧ ಗಂಟೆಯೊಳಗೆ ಮೈದಾನದೆದುರಿನ ಮಾಮಕ್ ಚಹಾ-ತಿಂಡಿ ಅಂಗಡಿಯಲ್ಲಿ ಅಭಿಮಾನಿ ಮಂಡಳಿಯ ತುರ್ತು ಸಭೆ ಸೇರಿತು. ಐವರು ಸದಸ್ಯರಲ್ಲಿ ಮೂವರು ಹಾಜರಿದ್ದರು. ಒಬ್ಬರಿಗೆ ಸಿಟ್ಟಿನಿಂದ ಮಾತೇ ಹೊರಡಲಿಲ್ಲ. ವಿನೋದಮ್ಮನವರು, ಎಪ್ಪತ್ತೊಂದು ವರ್ಷ, "ಈ ವಯಸ್ಸಲ್ಲಿ ಇದನ್ನ ನೋಡೋಕಾ ನಾನು ವೀಸಾ ಮಾಡಿಸ್ಕೊಂಡು ಬಂದಿದ್ದು?" ಎಂದು ಕೇಳಿ ಟೆ ತಾರಿಕ್ ಚಹಾವನ್ನು ಅರ್ಧಕ್ಕೇ ಬಿಟ್ಟರು. ಉಳಿದವನು ನಾನು. ಹೀಗಾಗಿ ಠರಾವು ಸರ್ವಾನುಮತದಿಂದ ಪಾಸಾಯಿತು.

ವಾಟ್ಸಾಪ್ ಗುಂಪಿನಿಂದ ನೀವು ನನ್ನನ್ನು ಕಳೆದ ತಿಂಗಳು ತೆಗೆದುಹಾಕಿದ್ದೀರಿ. ನನ್ನ ಧ್ವನಿಸಂದೇಶಗಳು ಆರಾರು ನಿಮಿಷ ಇರುತ್ತಿದ್ದವು ಎಂಬುದು ನಿಮ್ಮ ಆಪಾದನೆ. ಆದಕಾರಣ ಕಾಗದದಲ್ಲಿ ಬರೆಯುತ್ತಿದ್ದೇನೆ. ಕಾಗದದಿಂದ ಯಾರನ್ನೂ ತೆಗೆದುಹಾಕಲು ಬರುವುದಿಲ್ಲ.

ವಿಷಯಕ್ಕೆ ಬರೋಣ. ಸಾಫ್ಟ್‌ಬಾಲ್ ಎಂಬುದು ಬೇಸ್‌ಬಾಲಿನ ತಂಗಿ; ಅಕ್ಕತಂಗಿಯರಿಬ್ಬರೂ ಕ್ರಿಕೆಟ್ಟಿನ ಮನೆಯವರಲ್ಲ. ಇದನ್ನು ನಮ್ಮ ಆಟಗಾರರಿಗೆ ಯಾರಾದರೂ ತಿಳಿಸಬೇಕು. ವಿನೋದಮ್ಮನವರ ಮಗ ಅನಿಲ ಚೆಂಡನ್ನು ಬಾರಿಸಿದ. ಚೆನ್ನಾಗಿಯೇ ಬಾರಿಸಿದ. ಆಮೇಲೆ ಬ್ಯಾಟನ್ನು ಅಲ್ಲೇ ಬಿಸಾಡಿ ಓಡಬೇಕಿತ್ತು. ಅವನು ಅದನ್ನು ಕೂಸಿನ ಹಾಗೆ ಅವಚಿಕೊಂಡು ಓಡಿ, ಕೊನೆಯಲ್ಲಿ ಮಲಗಿ, ಬ್ಯಾಟಿನ ತುದಿಯನ್ನು ಬೇಸ್ ಎಂಬ ಚೌಕಕ್ಕೆ ಮುಟ್ಟಿಸಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎರಡನೇ ರನ್ ಪೂರೈಸಿದವನಂತೆ ಎದ್ದು ನಿಂತ. ಇಲ್ಲಿ ಬೇಸನ್ನು ಕಾಲಿನಿಂದಲೋ ಕೈಯಿಂದಲೋ ಮುಟ್ಟಬೇಕು, ಬ್ಯಾಟಿನಿಂದಲ್ಲ. ಅಂಪೈರ್ ಔಟ್ ಕೊಟ್ಟರು. ಅನಿಲ ಅವರಿಗೆ ಕ್ರೀಸಿನ ನಿಯಮ ವಿವರಿಸತೊಡಗಿದ.

ಅದನ್ನೂ ಮಂಡಳಿ ಕ್ಷಮಿಸಬಹುದು. ಕ್ಷಮಿಸಲಾಗದ್ದು ರೈಟ್ ಫೀಲ್ಡ್. ಅಂದರೆ ಮೈದಾನದ ಬಲಗಡೆಯ ದೂರದ ಮೂಲೆಯಲ್ಲಿ ನಿಂತು, ಮೇಲೆ ಹೋದದ್ದನ್ನು ಕೆಳಗೆ ಬರುವಾಗ ಹಿಡಿಯಬೇಕಾದ ಸದಸ್ಯೆ. ನಾಲ್ಕು ಪಂದ್ಯಗಳಲ್ಲಿ ಅವರು ಏಳು ಕ್ಯಾಚ್ ಬಿಟ್ಟಿದ್ದಾರೆ. ನಿನ್ನೆಯ ಒಂದು ಚೆಂಡಂತೂ ಅವರ ಭುಜಕ್ಕೆ ಬಡಿದು ತಾನೇ ನಾಚಿಕೊಂಡು ಪಕ್ಕಕ್ಕೆ ಹೋಯಿತು. ಇವರು ಶ್ರೀಮತಿ ಸ್ವರ್ಣಲತಾ, ವಯಸ್ಸು ಐವತ್ತಮೂರು, ಸಂಬಂಧದಲ್ಲಿ ನನ್ನ ಪತ್ನಿ. ಮಂಡಳಿ ಸಂಬಂಧಗಳನ್ನು ಪರಿಗಣಿಸುವುದಿಲ್ಲ.

ಎಂಟು ತಂಡಗಳ ಲೀಗಿನಲ್ಲಿ ಕೊನೆಯ ಸ್ಥಾನಕ್ಕೆ ಬಂದವರಿಗೆ ಮುಂದಿನ ವರ್ಷ ಜಾಗವಿಲ್ಲ. ಇನ್ನು ಉಳಿದಿರುವುದು ಮೂರು ಪಂದ್ಯ. ಆದ್ದರಿಂದ ಸದರಿ ಸದಸ್ಯೆಯನ್ನು ಬದಲಿಸಬೇಕೆಂದೂ, ಬದಲಿಸುವವರೆಗೆ ತಂಡಕ್ಕೆ ಮಂಡಳಿ ಒದಗಿಸುತ್ತಿದ್ದ ಪುಳಿಯೋಗರೆಯನ್ನು ನಿಲ್ಲಿಸಲಾಗುವುದೆಂದೂ ಈ ಮೂಲಕ ತಿಳಿಯಪಡಿಸಲಾಗಿದೆ.

ಇಂತು,
ಯಜ್ಞನಾರಾಯಣ
ಕಾರ್ಯದರ್ಶಿ, ಅಭಿಮಾನಿ ಮಂಡಳಿ


ಕ್ಲಾಂಗ್ ಬಂದರು,
22 ಆಗಸ್ಟ್

ಯಜ್ಞನಾರಾಯಣ ಅಂಕಲ್,

ನನಗೆ ಠರಾವು ಬರೆಯಲಿಕ್ಕೆ ಬರುವುದಿಲ್ಲ. ದಿನಕ್ಕೆ ನಲವತ್ತು ಕಂಟೇನರಿನ ಕಾಗದ ನೋಡುವವಳು ನಾನು. ಒಳಗೆ ಎಂತ ಉಂಟು, ಎಲ್ಲಿಗೆ ಹೋಗಬೇಕು, ಅಷ್ಟು ಬರೆದರೆ ನನ್ನ ಪತ್ರ ಮುಗಿಯಿತು.

ನಿಮ್ಮ ಪತ್ರವನ್ನು ನಿನ್ನೆ ಪ್ರಾಕ್ಟೀಸಿನಲ್ಲಿ ನನ್ನ ಕೈಗೆ ಕೊಟ್ಟವರು ಸ್ವರ್ಣಾಂಟಿ. ಗ್ಲೌಸು, ನೀರಿನ ಬಾಟಲಿ, ಅವರನ್ನೇ ತೆಗೆಯಬೇಕೆನ್ನುವ ಪತ್ರ, ಮೂರೂ ಒಂದೇ ಚೀಲದಲ್ಲಿತ್ತು. ಹೆಂಡತಿಯ ಮೇಲಿನ ದೂರನ್ನು ಹೆಂಡತಿಯ ಕೈಯಲ್ಲೇ ಕಳಿಸುವ ಧೈರ್ಯ ನಾನು ಬಂದರಿನಲ್ಲೂ ಕಂಡಿಲ್ಲ ಮಾರಾಯ್ರೇ. ಇಲ್ಲಿ ಕ್ರೇನಿನ ಕೆಳಗೆ ಹೋಗುವಾಗಲೂ ಜನ ಒಮ್ಮೆ ಯೋಚಿಸುತ್ತಾರೆ.

ಪುಳಿಯೋಗರೆ ಬಂದ್ ಎಂದಿರಲ್ಲ, ಅದನ್ನೂ ಆಂಟಿಯ ಹತ್ತಿರ ಕೇಳಿದೆ. "ಮಾಡೋಳು ನಾನು. ಬಂದ್ ಮಾಡೋಕೆ ಇವರ್ಯಾರು?" ಅಂದರು. ನಿನ್ನೆ ಎರಡು ಡಬ್ಬಿ ಬಂದಿತ್ತು. ಅನಿಲ ಮೂರು ಸಲ ಹಾಕಿಸಿಕೊಂಡ.

ಈಗ ಬದಲಿಸುವ ವಿಷಯ. ನಮ್ಮದು ಗಂಡಸರು ಹೆಂಗಸರು ಸೇರಿ ಆಡುವ ಲೀಗ್, ನಾಲ್ಕು ಹೆಂಗಸರು ಇರಲೇಬೇಕು, ನಮ್ಮಲ್ಲಿರುವುದೂ ಸರಿಯಾಗಿ ನಾಲ್ಕೇ. ಆದರೆ ನಾನು ನಿಯಮದ ಹಿಂದೆ ಅಡಗಿಕೊಳ್ಳುವುದಿಲ್ಲ. ಬೇಲಿಯ ಆಚೆ ಹತ್ತು ಹೆಂಗಸರು ಗ್ಲೌಸು ಹಾಕಿ ಸಾಲುಗಟ್ಟಿ ನಿಂತರೂ ರೈಟ್ ಫೀಲ್ಡಿನಲ್ಲಿ ಆಂಟಿಯೇ. ಪ್ರಾಕ್ಟೀಸಿನಲ್ಲಿ ಅವರು ಹತ್ತಕ್ಕೆ ಎಂಟು ಹಿಡಿಯುತ್ತಾರೆ. ಪಂದ್ಯದಲ್ಲಿ ಅವರಿಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುತ್ತೇನೆ. ತೆಗೆಯುವುದಿಲ್ಲ.

ವಿಶ್ವಾಸದ,
ಲೊರೆಟ್ಟಾ


ಪುಚೊಂಗ್,
ಗುರುವಾರ, 4 ಸೆಪ್ಟೆಂಬರ್

ಮಾನ್ಯ ನಾಯಕಿಯವರೇ,

ನಿಮ್ಮ ಉದ್ಧಟ ಪತ್ರ ತಲುಪಿತು. ಮಂಡಳಿ ಅದನ್ನು ಓದಿ, ಮಡಚಿ, ಮತ್ತೊಮ್ಮೆ ಓದಿತು.

ಬರುವ ಭಾನುವಾರದ ಐದನೆಯ ಪಂದ್ಯಕ್ಕೆ ನನಗೆ ಬರಲಾಗುವುದಿಲ್ಲ. ಕಚೇರಿಯವರು ಪೆನಾಂಗಿಗೆ ಕಳಿಸುತ್ತಿದ್ದಾರೆ. ತಂಡದ ದುಃಸ್ಥಿತಿಯನ್ನು ಮ್ಯಾನೇಜರಿಗೆ ವಿವರಿಸಿ ಹೇಳಿದೆ. "ಕ್ಯಾನ್ ವೇಟ್ ಲಾ" ಎಂದು ಆ ಮನುಷ್ಯ ನಕ್ಕ. ಕಾಯಲು ಅದೇನು ಸಾಫ್ಟ್‌ವೇರೇ?

ನನ್ನ ಗೈರುಹಾಜರಿಯಲ್ಲಿ ವಿನೋದಮ್ಮನವರು ಹಂಗಾಮಿ ಕಾರ್ಯದರ್ಶಿಯಾಗಿರುತ್ತಾರೆ. ಚೆಂಡು ಬಲಗಡೆಗೆ ಹೋದಾಗಲೆಲ್ಲ ರೈಟ್ ಫೀಲ್ಡನ್ನು ಕೂಗಿ ಎಚ್ಚರಿಸಬೇಕೆಂದು ಹೇಳಿದ್ದೇನೆ. ಆದರೆ ಅವರ ಗಂಟಲು ಅಷ್ಟು ದೂರ ಹೋಗಲಾರದು. ಪರಿಣಾಮಕ್ಕೆ ಮಂಡಳಿ ಹೊಣೆಯಲ್ಲ.

ಇಂತು,
ಯಜ್ಞನಾರಾಯಣ


ಕ್ಲಾಂಗ್ ಬಂದರು,
9 ಸೆಪ್ಟೆಂಬರ್

ಅಂಕಲ್,

ಗೆದ್ದೆವು. ಒಂಬತ್ತು-ಆರು. ನೀವು ಫೋನಿನಲ್ಲಿ ಕೇಳಿಯೇ ಇರುತ್ತೀರಿ, ಆದರೂ ಬರೆಯುವ ಖುಷಿ ನನಗಿರಲಿ. ಸ್ವರ್ಣಾಂಟಿ ಮೂರು ಕ್ಯಾಚ್ ಹಿಡಿದರು. ಒಂದನ್ನು ಹಿಂದೆ ಹಿಂದೆ ಓಡಿ, ಬೇಲಿಗೆ ಬೆನ್ನು ಒರಗಿಸಿ ಹಿಡಿದರು. ನಮ್ಮವರಿರಲಿ, ಎದುರು ತಂಡದವರೂ ಚಪ್ಪಾಳೆ ಹೊಡೆದರು.

ನಿಮಗೆ ಈಗ ಒಂದು ಮಾತು ಹೇಳಬೇಕು. ಕೂತುಕೊಂಡು ಓದಿ.

ನನ್ನ ಗಂಡ ಆರ್ಥರ್ ಎಲ್ಲ ಪಂದ್ಯಗಳನ್ನೂ ಬೇಲಿಯ ಹಿಂದಿನಿಂದ ಫೋನಿನಲ್ಲಿ ವಿಡಿಯೋ ಮಾಡುತ್ತಾನಲ್ಲ, ನಿನ್ನೆ ನಾವಿಬ್ಬರೂ ಕೂತು ಹಳೆಯ ನಾಲ್ಕು ಪಂದ್ಯಗಳನ್ನು ನೋಡಿದೆವು. ಆಂಟಿ ಬಿಟ್ಟ ಏಳು ಕ್ಯಾಚನ್ನೂ ಒಂದೊಂದಾಗಿ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಏಳರಲ್ಲೂ ಒಂದೇ ಕತೆ. ಚೆಂಡು ಮೇಲೆ ಹೋಗುತ್ತದೆ. ಆಂಟಿ ಸರಿಯಾಗಿ ಅದರ ಕೆಳಗೆ ಬಂದು ನಿಲ್ಲುತ್ತಾರೆ. ಗ್ಲೌಸು ಎತ್ತುತ್ತಾರೆ. ಆಗ ನಿಮ್ಮ ಗಂಟಲು ಕೇಳುತ್ತದೆ: "ಸ್ವರ್ಣಾ! ಬಾಲ್!" ಆಂಟಿ ತಟ್ಟನೆ ನಿಮ್ಮ ಕಡೆಗೆ ತಿರುಗುತ್ತಾರೆ. ಚೆಂಡು ಬೀಳುತ್ತದೆ.

ಆರ್ಥರ್ ಒಂದು ಕಡೆ ದೊಡ್ಡದು ಮಾಡಿ ತೋರಿಸಿದ. ಆಂಟಿಯ ತುಟಿ ಅಲ್ಲಾಡುವುದು ಕಾಣುತ್ತದೆ. "ಏನ್ರೀ?" ಅನ್ನುತ್ತಿದ್ದಾರೆ.

ಮೂವತ್ತೊಂದು ವರ್ಷ ಕರೆದಾಗಲೆಲ್ಲ ತಿರುಗಿದವರು, ಅಂಕಲ್. ಚೆಂಡು ಮೇಲಿದೆ ಎಂದು ತಿರುಗದೆ ಇರುತ್ತಾರಾ? ನಮ್ಮ ತಂಡದ ಹೆಸರಿನ ಹಕ್ಕಿಗೆ ಎರಡು ತಲೆ. ಒಂದು ಚೆಂಡು ನೋಡಬಹುದು, ಇನ್ನೊಂದು ನಿಮ್ಮನ್ನು. ಆಂಟಿಗಿರುವುದು ಒಂದೇ. ದಯವಿಟ್ಟು 21ರ ಪಂದ್ಯದಲ್ಲಿ ಕೂಗಬೇಡಿ.

ಲೊರೆಟ್ಟಾ


ಪುಚೊಂಗ್,
ಶುಕ್ರವಾರ, 12 ಸೆಪ್ಟೆಂಬರ್

ನಾಯಕಿಯವರೇ,

ಕ್ರೀಡಾ ಇತಿಹಾಸದಲ್ಲಿ ಫೀಲ್ಡರಿನ ತಪ್ಪನ್ನು (ಆಟದ ಭಾಷೆಯಲ್ಲಿ ಎರರ್) ಅಭಿಮಾನಿಯ ಗಂಟಲಿನ ಮೇಲೆ ಬರೆದ ಮೊದಲ ತಂಡ ನಮ್ಮದು. ಅಭಿನಂದನೆಗಳು.

ನಾನು ಕೂಗುವುದು ಏಕೆ? ಚೆಂಡು ಬರುತ್ತಿದೆ ಎಂದು ತಿಳಿಸಲು. ತಿಳಿಸದಿದ್ದರೆ ಆಕೆಗೆ ಹೇಗೆ ತಿಳಿಯಬೇಕು? ನಾನಿಲ್ಲದ ದಿನ ಮೂರು ಹಿಡಿದದ್ದು ಆಕಸ್ಮಿಕ. ಮನೆಯಲ್ಲಿ ದಿನಕ್ಕೆ ಮೂವತ್ತು ಸಲ ಕರೆಯುತ್ತೇನೆ. ಕನ್ನಡಕಕ್ಕೆ, ಕಾರಿನ ಕೀಲಿಗೆ, ಟವೆಲ್ಲಿಗೆ, ಟಿವಿಯ ರಿಮೋಟಿಗೆ. ಒಂದು ಸಲವಾದರೂ ಆಕೆಯ ಕೈಯಿಂದ ಏನಾದರೂ ಬಿದ್ದಿದೆಯೇ? (ಒಮ್ಮೆ ಸಾರಿನ ಪಾತ್ರೆ ಬಿದ್ದಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ.)

ಕೂಗುವುದು ಅಭಿಮಾನಿಯ ಜನ್ಮಸಿದ್ಧ ಹಕ್ಕು. ಬೇಲಿಯ ಈಚೆಗಿರುವವನಿಗೆ ಬ್ಯಾಟಿಲ್ಲ, ಗ್ಲೌಸಿಲ್ಲ. ಇರುವುದೊಂದು ಗಂಟಲು, ಅದನ್ನೂ ನೀವು ಕಸಿಯಲು ಬಂದಿದ್ದೀರಿ. 21ರಂದು ಕೂಗುತ್ತೇನೆ. ಎದ್ದು ನಿಂತು ಕೂಗುತ್ತೇನೆ.

ಇಂತು,
ಯಜ್ಞನಾರಾಯಣ


ಕ್ಲಾಂಗ್ ಬಂದರು,
22 ಸೆಪ್ಟೆಂಬರ್

ಅಂಕಲ್,

ಎದ್ದು ನಿಂತು ಕೂಗಿದಿರಿ. ಎರಡು ಕ್ಯಾಚ್ ಬಿತ್ತು. ಎರಡು ರನ್ನಿನಲ್ಲಿ ಸೋತೆವು.

ಅಕ್ಟೋಬರ್ 5ಕ್ಕೆ ಕೊನೆಯ ಪಂದ್ಯ, ಕ್ಲಾಂಗ್ ಕ್ರೇನರು ಎನ್ನುವ ತಂಡದ ಮೇಲೆ. ಅವರದ್ದೂ ಒಂದೇ ಗೆಲುವು, ನಮ್ಮದೂ ಒಂದೇ. ಸೋತವರು ಲೀಗಿನಿಂದ ಹೊರಗೆ. ಆ ದಿನ ನೀವು ಮೈದಾನಕ್ಕೆ ಬರಬಾರದು. ಇದು ಕೋರಿಕೆಯಲ್ಲ.

ಲೊರೆಟ್ಟಾ


ಪುಚೊಂಗ್,
1 ಅಕ್ಟೋಬರ್

ಪ್ರೀತಿಯ ಲೊರೆಟ್ಟಾ,

ಇವರಿಗೆ ಮೈದಾನಕ್ಕೆ ಬರಬೇಡಿ ಎಂದು ಬರೆದಿದ್ದೀಯೆ. ಅದನ್ನು ಹಿಂದಕ್ಕೆ ತೆಗೆದುಕೋ. ಇವರು ಬರಲಿ, ಕೂಗಲಿ. ಇನ್ನೊಬ್ಬರ ಬಾಯಿ ಮುಚ್ಚಿಸಿ ಕ್ಯಾಚ್ ಹಿಡಿಯಬೇಕಾದಷ್ಟು ಬಡವಿ ನಾನಲ್ಲ.

ನಿಮ್ಮಿಬ್ಬರ ಪತ್ರಗಳನ್ನೂ ಓದಿದ್ದೇನೆ. ಕದ್ದು ಓದಿದ್ದಲ್ಲ. ಇವರು ನಿನ್ನ ಪತ್ರವನ್ನು ಮೇಜಿನ ಮೇಲೇ ಬಿಟ್ಟಿರುತ್ತಾರೆ; ತಮ್ಮದನ್ನು ಬರೆದು ಅದರ ಪಕ್ಕದಲ್ಲಿಟ್ಟು "ಸ್ವರ್ಣಾ, ಕವರ್ ಅಂಟಿಸು" ಎಂದು ಕೂಗುತ್ತಾರೆ. ಅಂಟಿಸುವವಳು ಓದದೆ ಅಂಟಿಸುತ್ತಾಳೆಯೇ? ನನ್ನನ್ನು ತೆಗೆಯಬೇಕೆಂಬ ಮೊದಲನೆಯ ಪತ್ರದಲ್ಲಿ ಎರಡು ಕಾಗುಣಿತದ ತಪ್ಪಿತ್ತು, ತಿದ್ದಿಯೇ ಕಳಿಸಿದೆ.

ನೀನು ವಿಡಿಯೋದಲ್ಲಿ ಕಂಡದ್ದು ನಿಜ. ಓದಿದಾಗ ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಹದಿನಾಲ್ಕು ವರ್ಷದಿಂದ ಈ ದೇಶದಲ್ಲಿ ನನ್ನ ಪಾಸ್‌ಪೋರ್ಟಿಗೆ ಹೊಡೆದಿರುವ ಮುದ್ರೆಯ ಪ್ರಕಾರ ನಾನು ಇವರ ಅವಲಂಬಿತೆ. ಬ್ಯಾಂಕಿನಲ್ಲಿ, ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಕಾವಲಿನವರ ಪುಸ್ತಕದಲ್ಲಿ, ಎಲ್ಲ ಕಡೆ ಇವರ ಹೆಸರಿನ ಕೆಳಗೆ ನಾನು. ನೀನು ಕೊಟ್ಟ ಜೆರ್ಸಿಯ ಬೆನ್ನ ಮೇಲೆ ಮಾತ್ರ ಬರೀ ಸ್ವರ್ಣಲತಾ ಅಂತಿದೆ. ಆ ಜೆರ್ಸಿ ತೊಟ್ಟುಕೊಂಡು ನಿಂತವಳೂ ಕರೆದ ಕೂಡಲೇ ತಿರುಗುವುದಾದರೆ ಬೆನ್ನ ಮೇಲಿನ ಹೆಸರು ಯಾರಿಗೆ ಕಾಣಬೇಕು?

ಅದಕ್ಕೇ ಸೋತ ಮಾರನೆಯ ದಿನದಿಂದ ಮನೆಯಲ್ಲೇ ಪ್ರಾಕ್ಟೀಸ್ ಶುರುಮಾಡಿದ್ದೇನೆ. ಇವರು ಕರೆದರೆ ತಿರುಗುವುದಿಲ್ಲ. ಮೊದಲ ದಿನ ಕತ್ತಿನ ನರ ಎಳೆದ ಹಾಗಾಯಿತು, ತಾನಾಗಿಯೇ ತಿರುಗಲು ನೋಡುತ್ತದೆ. ತರಕಾರಿ ಹೆಚ್ಚುತ್ತಾ ಈರುಳ್ಳಿಯನ್ನೇ ದಿಟ್ಟಿಸಿ ನಿಂತೆ. "ಸ್ವರ್ಣಾ, ಕನ್ನಡಕ ಎಲ್ಲಿ?" ಈರುಳ್ಳಿ. "ಸ್ವರ್ಣಾ, ಕೇಳಿಸ್ತಾ?" ಈರುಳ್ಳಿ. ಕನ್ನಡಕ ಇವರ ಹಣೆಯ ಮೇಲೇ ಇತ್ತು.

ನಾಲ್ಕನೆಯ ದಿನ ಇವರು ಗಾಬರಿಯಾಗಿ ನನ್ನನ್ನು ಬಾಂಗ್ಸಾರಿನಲ್ಲಿರುವ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಏನೇನೋ ಯಂತ್ರ ಹಾಕಿ ನೋಡಿ, "ಅಮ್ಮನ ಕಿವಿ ಇಪ್ಪತ್ತರ ಹುಡುಗಿಯ ಕಿವಿ" ಎಂದರು. ಇವರಿಗೆ ಸಮಾಧಾನವಾಗಲಿಲ್ಲ. ಯಂತ್ರವನ್ನು ಇನ್ನೊಮ್ಮೆ ಪರೀಕ್ಷಿಸಿ ಎಂದು ಹೇಳಿ ಬಂದರು.

ಇದರ ಒಂದು ಪ್ರತಿಯನ್ನು ಕಾರ್ಯದರ್ಶಿಗಳ ಮೇಜಿನ ಮೇಲೂ ಇಟ್ಟಿದ್ದೇನೆ. ಅವರಿಗೂ ಗೊತ್ತಿರಲಿ. ಭಾನುವಾರ ಎಷ್ಟು ಬೇಕಾದರೂ ಕೂಗಲಿ.

ಸ್ವರ್ಣಲತಾ
ರೈಟ್ ಫೀಲ್ಡ್


ಪುಚೊಂಗ್,
ಸೋಮವಾರ, 6 ಅಕ್ಟೋಬರ್

ಶ್ರೀಮತಿ ಸ್ವರ್ಣಲತಾ ಅವರಿಗೆ,
ರೈಟ್ ಫೀಲ್ಡ್, ಪುಚೊಂಗ್ ಗಂಡಭೇರುಂಡ ತಂಡ

ಮಾನ್ಯರೇ,

ಇಷ್ಟು ದಿನ ಮಂಡಳಿ ನಿಮ್ಮ ಬಗ್ಗೆ ಬರೆಯಿತು, ನಿಮಗೆ ಬರೆಯಲಿಲ್ಲ. ಇದು ಮಂಡಳಿಯ ಮೊದಲ ಎರರ್ ಎಂದು ದಾಖಲಿಸಲಾಗಿದೆ. ಕಿವಿ ಡಾಕ್ಟರ ವಿಷಯ ಎರಡನೆಯದು.

ನಿಮ್ಮ ಪತ್ರದ ಪ್ರತಿಯನ್ನು ಓದಿದ ಮೇಲೆ ನಿನ್ನೆ ಬಾಯಿ ಬಿಡಬಾರದೆಂದು ನಿರ್ಧರಿಸಿಯೇ ಮೈದಾನಕ್ಕೆ ಬಂದಿದ್ದೆ. ನೀವು ಅನುಮತಿ ಕೊಟ್ಟಿದ್ದಿರಿ, ನಿಜ. ಆದರೆ ನನಗೂ ಸ್ವಾಭಿಮಾನವಿದೆ, ಅನುಮತಿ ಪಡೆದು ಕೂಗುವವನಲ್ಲ. ವಿನೋದಮ್ಮನವರು ಮುಂಜಾಗ್ರತೆಯಾಗಿ ನನ್ನ ಬಾಯಿಗೆ ಚಕ್ಕುಲಿ ಕೊಡುತ್ತಲೇ ಇದ್ದರು.

ಮೂರನೆಯ ಇನ್ನಿಂಗ್ಸಿನಲ್ಲಿ ನೀವು ಒಂದು ಕ್ಯಾಚ್ ಬಿಟ್ಟಿರಿ. ಮಂಡಳಿ ಆಗ ಚಕ್ಕುಲಿ ಜಗಿಯುತ್ತಿತ್ತು, ಚಕಾರವೆತ್ತಿರಲಿಲ್ಲ. ನಾಯಕಿ ನಿಮ್ಮ ಹತ್ತಿರ ಓಡಿ ಬಂದಾಗ ನೀವು "ಇದು ನಂದೇ. ಯಾರೂ ಕೂಗಿಲ್ಲ, ನಾನೇ ಬಿಟ್ಟಿದ್ದು" ಎಂದು ಎದೆಯೆತ್ತಿ ಹೇಳಿದ್ದು ಬೇಲಿಯವರೆಗೂ ಕೇಳಿಸಿತು. ಕ್ಯಾಚ್ ಬಿಟ್ಟು ಅಷ್ಟು ಜಂಬಪಟ್ಟವರನ್ನು ನಾನು ಇದುವರೆಗೆ ನೋಡಿಲ್ಲ.

ಐದನೆಯದರಲ್ಲಿ ಅನಿಲ ಬಾರಿಸಿ ಓಡುವಾಗ ವಿನೋದಮ್ಮನವರು ಎದ್ದು ನಿಂತು, "ಬ್ಯಾಟ್ ಬಿಡೋ ಪಾಪಿ!" ಎಂದು ಚೀರಿದರು. ಅವರ ಗಂಟಲು ಅಷ್ಟು ದೂರ ಹೋಗಲಾರದೆಂಬ ನನ್ನ ಹಿಂದಿನ ಅಭಿಪ್ರಾಯವನ್ನು ವಾಪಸು ಪಡೆಯುತ್ತೇನೆ. ಅನಿಲ ಎರಡು ವರ್ಷದಲ್ಲಿ ಮೊದಲ ಬಾರಿಗೆ ಬ್ಯಾಟ್ ಬಿಟ್ಟ. ಅದು ಅಂಪೈರ್ ಕಾಲಿನ ಮೇಲೆ ಬಿತ್ತು. ಆದರೂ ನಾವು ಒಂದು ರನ್ ಮುಂದಾದೆವು.

ಕೊನೆಯ ಇನ್ನಿಂಗ್ಸ್. ಕ್ರೇನರಿಬ್ಬರು ಔಟಾಗಿದ್ದರು, ಮೂರನೆಯವರು ಔಟಾದರೆ ಪಂದ್ಯ ಮುಗಿಯಿತು; ಇನ್ನಿಬ್ಬರು ಬೇಸಿನ ಮೇಲೆ ನಿಂತು ಓಡಲು ಕಾದಿದ್ದರು. ಚೆಂಡು ಎದ್ದಿತು. ಬಲಗಡೆಗೇ ಬಂತು. ಹಿಡಿದರೆ ನಾವು ಲೀಗಿನಲ್ಲಿ, ಬಿಟ್ಟರೆ ಹೊರಗೆ. ನನ್ನ ಬಾಯಲ್ಲಿ ಅರ್ಧ ಚಕ್ಕುಲಿ ಇತ್ತು. ಆದರೂ ಗಂಟಲು ತಾನಾಗಿಯೇ ಎದ್ದುಬಿಟ್ಟಿತು. ಮೂವತ್ತೊಂದು ವರ್ಷದ ಅಭ್ಯಾಸ ನಿಮ್ಮ ಕತ್ತಿಗೆ ಮಾತ್ರವಲ್ಲ, ನನ್ನ ಗಂಟಲಿಗೂ ಇದೆಯೆಂದು ನನಗೆ ಆಗಲೇ ತಿಳಿದದ್ದು.

"ಸ್ವರ್ಣಾ!" ಎಂದೆ. ನೀವು ತಿರುಗಲಿಲ್ಲ. "ಸ್ವರ್ಣಾ!" ಎಂದೆ. ಬೆನ್ನು ಹಾಗೇ ಇತ್ತು. ನಾಯಕಿ ತಲೆಯ ಮೇಲೆ ಕೈಹೊತ್ತು ನನ್ನ ಕಡೆ ನೋಡಿದ ನೋಟವನ್ನು ಮಂಡಳಿ ಆಜೀವ ಮರೆಯಲಾರದು. ನಾನು ಮಾತ್ರ ಆಗ ಚೆಂಡನ್ನು ನೋಡುತ್ತಿರಲಿಲ್ಲ. ಬೆನ್ನ ಮೇಲಿನ ಅಕ್ಷರಗಳನ್ನು ಓದುತ್ತಿದ್ದೆ. ಅಷ್ಟೂ ಪಂದ್ಯಗಳಲ್ಲಿ ನೀವು ನನ್ನ ಕಡೆಗೇ ತಿರುಗುತ್ತಿದ್ದುದರಿಂದ ಅದನ್ನು ಓದುವ ಅವಕಾಶವೇ ನನಗೆ ಸಿಕ್ಕಿರಲಿಲ್ಲ. ಚೆಂಡು ಗ್ಲೌಸಿಗೆ ಬಿದ್ದ ಸದ್ದಷ್ಟೇ ಕೇಳಿಸಿತು.

ಎಲ್ಲರೂ ನಡುಮೈದಾನಕ್ಕೆ ಓಡಿದರು. ನೀವೊಬ್ಬರು ಅಲ್ಲೇ ಚೆಂಡು ಹಿಡಿದುಕೊಂಡು ನಿಂತಿದ್ದಿರಿ. ಅಳುತ್ತಿದ್ದೀರೋ ನಗುತ್ತಿದ್ದೀರೋ ಹಿಂದಿನಿಂದ ತಿಳಿಯಲಿಲ್ಲ. ಮೂರನೆಯ ಸಲ ಕರೆದೆ. ಪಂದ್ಯ ಮುಗಿದಿತ್ತು, ಈಗಲಾದರೂ ತಿರುಗಬಹುದೆಂದುಕೊಂಡೆ. ತಿರುಗಲಿಲ್ಲ.

ಬೇರೆ ದಾರಿ ಕಾಣದೆ ಮಂಡಳಿ ನಡೆದುಕೊಂಡು ಬಂತು. ಬೇಲಿಯಿಂದ ರೈಟ್ ಫೀಲ್ಡಿಗೆ ತೊಂಬತ್ತೆರಡು ಹೆಜ್ಜೆ. ಚಪ್ಪಲಿ ಒದ್ದೆ ಹುಲ್ಲಿನಲ್ಲಿ ಜಾರುತ್ತದೆ. ನೀವು ದಿನಕ್ಕೆ ಮೂವತ್ತು ಸಲ ಬಂದುಹೋಗುವ ದೂರ ಇದಕ್ಕಿಂತ ಹೆಚ್ಚಾಗುತ್ತದೆಯೇ ಎಂದು ದಾರಿಯಲ್ಲಿ ಯೋಚಿಸಿದೆ, ಉತ್ತರ ಇಷ್ಟವಾಗಲಿಲ್ಲ.

"ಮೂರು ಸಲ ಕರೆದೆನಲ್ಲೇ" ಎಂದೆ.

"ಕೇಳಿಸ್ತು ರೀ" ಎಂದಿರಿ. "ಮೂರೂ ಕೇಳಿಸ್ತು."

ಸಾವಧಾನವಾಗಿ ಬಾಟಲಿಯ ನೀರು ಕುಡಿದು, ಚೆಂಡನ್ನು ನನ್ನ ಕೈಗೆ ಕೊಟ್ಟಿರಿ. ನಾನು ಬೀಳಿಸಿದೆ. ಅದನ್ನು ಯಾರೂ ನೋಡಲಿಲ್ಲವೆಂದು ಭಾವಿಸಿದ್ದೆ, ಆರ್ಥರನ ವಿಡಿಯೋದಲ್ಲಿದೆಯಂತೆ.

ಆದ್ದರಿಂದ ಮಂಡಳಿ ಹೀಗೆ ತೀರ್ಮಾನಿಸಿದೆ. ರೈಟ್ ಫೀಲ್ಡಿನ ಮೇಲಿನ ದೂರನ್ನು ವಾಪಸು ಪಡೆಯಲಾಗಿದೆ. ಕೂಗುವ ಹಕ್ಕನ್ನು ಮಂಡಳಿ ಬಿಟ್ಟುಕೊಡುವುದಿಲ್ಲ; ತಿರುಗದಿರುವ ಹಕ್ಕು ನಿಮ್ಮಲ್ಲಿರಲಿ. ಮುಂದಿನ ವರ್ಷ ಎಂಟನೆಯ ಸ್ಥಾನ ಯಾರದ್ದಾದರೂ ಆಗಲಿ, ನಮ್ಮದಲ್ಲ.

ಈ ಪತ್ರ ನಿಮಗೇ; ಲೊರೆಟ್ಟಾ ಅವರಿಗೆ ತಲುಪಿಸುವ ಕೆಲಸ ನಿಮಗಿಲ್ಲ. ನಿಮ್ಮ ಗ್ಲೌಸಿನೊಳಗೆ ನಾನೇ ಇಟ್ಟಿದ್ದೇನೆ. ಕವರನ್ನೂ ನಾನೇ ಅಂಟಿಸಿದ್ದೇನೆ. ಸ್ವಲ್ಪ ಸೊಟ್ಟಗಾಗಿದೆ, ಒಂದು ಮೂಲೆಯಲ್ಲಿ ಗೋಂದು ಹೊರಗೆ ಬಂದಿದೆ. ಅದು ನಂದೇ. ಯಾರೂ ಕೂಗಿರಲಿಲ್ಲ.

ಇಂತು,
ಯಜ್ಞನಾರಾಯಣ